ಎರಡು ಡಿಗ್ರಿ ಕಡಿಮೆ

ನಾನು ಒಂದು ಥರ್ಮಾಮೀಟರ್. ಬಾಯಲ್ಲಿಟ್ಟು ಜ್ವರ ನೋಡುವ ಜಾತಿಯಲ್ಲ. ಹುಲ್ಲಿನ ಮೇಲೆ ಅಡ್ಡ ಮಲಗಿದ್ದು, ರಾತ್ರಿ ಚಳಿ ಎಲ್ಲಿಯವರೆಗೆ ಇಳಿದಿತ್ತೆಂದು ಬೆಳಿಗ್ಗೆ ಹೇಳುವ ಜಾತಿ. ನನ್ನ ಹೊಟ್ಟೆಯಲ್ಲಿರುವುದು ಪಾದರಸವಲ್ಲ, ಕೆಂಪು ಸ್ಪಿರಿಟ್. ಬಹುಶಃ ಅದಕ್ಕೇ ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದೂ ಇಲ್ಲ.

ನಾನು ಹುಟ್ಟಿದ್ದು ಒಂದು ಗಾಜಿನ ಕಾರ್ಖಾನೆಯಲ್ಲಿ. ಕೆಮ್ಮುತ್ತಲೇ ಕೆಲಸ ಮಾಡುವ ಒಬ್ಬ ಮುದುಕ ನನ್ನನ್ನು ಊದಿ, ಸ್ಪಿರಿಟ್ ತುಂಬಿ, ಅದರೊಳಗೆ ಕೂದಲಿನಷ್ಟು ತೆಳ್ಳಗಿನ ಒಂದು ಕರಿ ಕಡ್ಡಿ ಬಿಟ್ಟ. ಚಳಿಗೆ ಸ್ಪಿರಿಟ್ ಕುಗ್ಗುವಾಗ ಈ ಕಡ್ಡಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಬಿಸಿಲೇರಿದಾಗ ಕಡ್ಡಿಯನ್ನು ಅಲ್ಲೇ ಬಿಟ್ಟು ತಾನು ಮೇಲೆ ಹೋಗುತ್ತದೆ. ಕಡ್ಡಿ ನಿಂತ ಜಾಗವೇ ಆ ರಾತ್ರಿಯ ಅತಿ ಕಡಿಮೆ ಉಷ್ಣತೆ. ಓದಿಯಾದ ಮೇಲೆ ನನ್ನನ್ನು ಮೆಲ್ಲಗೆ ಓರೆ ಮಾಡಬೇಕು, ಕಡ್ಡಿ ಜಾರಿ ಮರುದಿನಕ್ಕೆ ಸಿದ್ಧವಾಗುತ್ತದೆ. ಮೆಲ್ಲಗೆ ಅಂದರೆ ಮೆಲ್ಲಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಕೊಂಡವಳು ಬೀದರ್ ಸೀಮೆಯ ಕಮಲವಾಡಿಯ ಸುಗಲಾಬಾಯಿ. ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತೇಳು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಮೊದಲ ದಿನ ನನ್ನನ್ನು ಕಣ್ಣ ಮಟ್ಟಕ್ಕೆ ಹಿಡಿದು, "ಮಂದಿ ಜ್ವರಾ ನೋಡಿದ್ದು ಸಾಕಾತು. ಇನ್ನ ನೆಲದ ಮೈ ಮುಟ್ಟಿ ನೋಡೋಣು, ಬಾರಪಾ," ಅಂದಳು. ಅವತ್ತಿನಿಂದ ನಾನು ಅವಳವನು.

ಕಮಲವಾಡಿಯಲ್ಲಿ ಹತ್ತು ಜನರ ಒಂದು ಹವಾ ಬಳಗವಿತ್ತು. ಗುಡುಗಿದರೆ ಸಾಕು, ಬೇರೆಯವರು ಮನೆಯೊಳಗೆ ಓಡಿದರೆ ಇವರು ಹೊರಗೆ ಓಡುವರು. ಗಡಿಯಾರ ರಿಪೇರಿಯ ಇಸ್ಮಾಯಿಲ್ ಭಾಯಿ ಅಂಗಡಿ ತೆರೆದಿಟ್ಟೇ ಸ್ಕೂಟರ್ ಹತ್ತಿ ಮೋಡದ ಬೆನ್ನು ಹತ್ತುವವನು. ಒಂದು ಮಾರ್ಚಿನಲ್ಲಿ ಆಣೆಕಲ್ಲು ಬಿದ್ದು ಕಡಲೆ ಹೊಲವೆಲ್ಲ ಬೆಳ್ಳಗಾದಾಗ ಸುಗಲಾಬಾಯಿ ಸ್ಟೀಲ್ ಡಬ್ಬಿಯಲ್ಲಿ ಅದನ್ನು ತುಂಬಿ ತಂದು ಮಗುವಿನ ಹಾಗೆ ಕುಣಿದಳು. ಇವರೆಲ್ಲರ ಆಸೆ ಒಂದೇ: ಸಾಯುವುದರೊಳಗೆ ಕಮಲವಾಡಿಯಲ್ಲಿ ಹಿಮ ಬೀಳುವುದನ್ನು ನೋಡಬೇಕು. ಊರಿನವರು ನಗುವರು. ನಗಲಿ ಬಿಡಿ! ಹಿಮಕ್ಕೆ ಮೊದಲು ನೆಲ ಸೊನ್ನೆ ಮುಟ್ಟಬೇಕಲ್ಲ, ಅದನ್ನೇ ಇವರು ಚಳಿಗಾಲ ಪೂರ್ತಿ ಕಾಯುವರು.

ಬಳಗದ ಅಧ್ಯಕ್ಷ ವೈಜಿನಾಥ ಮಾಸ್ತರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹದಿನೈದು ವರ್ಷದಿಂದ ಊರಿನ ಚಳಿಯ ದಾಖಲೆ ಅವನ ಹೆಸರಿನಲ್ಲೇ ಇತ್ತು: ನಾಲ್ಕು ಡಿಗ್ರಿ. ಬಳಗದ ನಿಯಮವನ್ನೂ ಅವನೇ ಮಾಡಿದ್ದ. ಫೋಟೊ ನಡೆಯದು, ಇನ್ನೊಬ್ಬ ಸದಸ್ಯ ಕಣ್ಣಾರೆ ನೋಡಿದರೆ ಮಾತ್ರ ಪುಸ್ತಕದಲ್ಲಿ ಬರೆಯುವುದು.

ಜನವರಿಯ ಒಂದು ಮುಂಜಾನೆ. ಸುಗಲಾಬಾಯಿಯ ಹಿತ್ತಿಲು ತಗ್ಗಿನಲ್ಲಿದೆ. ಸುತ್ತಲಿನ ಚಳಿಯೆಲ್ಲ ಅಲ್ಲಿಗೇ ಇಳಿದು ಬಂದು ಕೂರುತ್ತದೆ. ನನ್ನ ಸ್ಪಿರಿಟ್ ಇಳಿಯಿತು, ಇಳಿಯಿತು, ಸೊನ್ನೆ ದಾಟಿತು, ಇನ್ನೂ ಅರ್ಧ ಡಿಗ್ರಿ ಕೆಳಗೆ ಹೋಗಿ ನಿಂತಿತು. ನನ್ನ ಪಕ್ಕದ ಗರಿಕೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪಿನ ಹಾಗೆ ಬೆಳ್ಳಗಿತ್ತು. ಸುಗಲಾಬಾಯಿ ಮೊಣಕಾಲೂರಿ ನೋಡಿದಳು, ಕನ್ನಡಕ ಒರೆಸಿ ಮತ್ತೆ ನೋಡಿದಳು. ಅಳುತ್ತಲೇ ಮಾಸ್ತರನಿಗೆ ಫೋನ್ ಮಾಡಿದಳು. ಅವನು ಬರುವಷ್ಟರಲ್ಲಿ ಬಿಸಿಲು ಬಿದ್ದು ಹುಲ್ಲಿನ ಬಿಳುಪು ಕರಗಿತ್ತು. ಕರಗಿದರೇನು, ನನ್ನ ಕಡ್ಡಿ ನಿಂತಲ್ಲೇ ನಿಂತಿತ್ತು. ಅವಳು ಚಹಾ ತರಲು ಒಳಗೆ ಹೋದಳು.

ಮಾಸ್ತರ ಬಗ್ಗಿ ನೋಡಿದ. ಅವನ ಮುಖ ಹುಳಿಯಾಯಿತು. ಹಿಂದೆ ಮುಂದೆ ನೋಡಿದ. ನನ್ನನ್ನು ಎತ್ತಿ, ಜ್ವರದ ಥರ್ಮಾಮೀಟರ್ ಜಾಡಿಸುವಂತೆ ಜೋರಾಗಿ ಒಮ್ಮೆ ಜಾಡಿಸಿಬಿಟ್ಟ!

ನನ್ನ ಒಳಗೆ ಏನೋ ಹರಿಯಿತು. ಕಡ್ಡಿ ನಿಂತ ಜಾಗ ಬಿಟ್ಟು ಜಾರಿತು, ಸ್ಪಿರಿಟ್ಟಿನ ಒಂದು ಹನಿ ಕಿತ್ತುಕೊಂಡು ಹೋಗಿ ನಳಿಗೆಯ ತುದಿಯಲ್ಲಿ ಅಂಟಿ ಕೂತಿತು. ಆ ಕ್ಷಣದಿಂದ ನಾನು ನಿಜಕ್ಕಿಂತ ಎರಡು ಡಿಗ್ರಿ ಕಡಿಮೆ ತೋರಿಸತೊಡಗಿದೆ. ಹನ್ನೊಂದು ಇದ್ದದ್ದು ಒಂಬತ್ತೆಂದು ಕಂಡಿತು.

"ಒಂಬತ್ತದ ನೋಡ್ರಿ, ನರ್ಸಬಾಯಿ," ಅಂದ, ಚಹಾದ ಕಪ್ಪು ಕೈಗೆ ಬರುತ್ತಲೇ.

"ಇಲ್ರಿ ಮಾಸ್ತರ, ಸೊನ್ನಿ ಕೆಳಗಿತ್ತು. ಈಗರೆ ನೋಡೀನಿ!"

"ವಯಸ್ಸಾತು, ಕಣ್ಣ ಮಂಜಾಗ್ಯಾವ. ಇಲ್ಲಾಂದ್ರ ಇದರಾಗೇ ದೋಷ ಇರಬೇಕು. ಕೊಡ್ರಿ, ನಾ ತಪಾಸ ಮಾಡ್ತೀನಿ."

ಅವಳು ಬಗ್ಗಿ ನೋಡುವುದರೊಳಗೇ ಅವನು ನನ್ನನ್ನು ಜೇಬಿಗೆ ಹಾಕಿಕೊಂಡ. ಬಳಗದಲ್ಲಿ ಕಥೆ ಹಬ್ಬಿತು. ಅಲ್ಲಿಂದ ಬಜಾರಿಗೂ ಹೋಯಿತು. ಸುಗಲಾಬಾಯಿ ಕಾಯಿಪಲ್ಯ ತರಲು ಹೊರಟರೆ "ಬರ್ಫ್ ಬಾಯಿ ಬಂದ್ಲು, ಸ್ವೆಟರ್ ಹಾಕ್ಕೋರೋ" ಅನ್ನುವರಂತೆ. ಮೂವತ್ತೇಳು ವರ್ಷ ಯಾವ ಡಾಕ್ಟರೂ ಅವಳು ಓದಿದ ಜ್ವರವನ್ನು ಸುಳ್ಳೆಂದಿರಲಿಲ್ಲ. ಅವಳು ಬಳಗಕ್ಕೆ ಬರುವುದನ್ನೇ ಬಿಟ್ಟಳು.

ನಾನು ಮಾಸ್ತರನ ಡ್ರಾಯರಿನಲ್ಲಿ ಸೀಮೆಸುಣ್ಣದ ತುಂಡುಗಳ ನಡುವೆ ಬಿದ್ದಿದ್ದೆ. ತಪಾಸವೂ ಇಲ್ಲ, ಗಿಪಾಸವೂ ಇಲ್ಲ. ಬಿದ್ದಲ್ಲೇ ಹಲ್ಲು ಕಡಿದೆ. ಹಲ್ಲಿಲ್ಲದಿದ್ದರೂ ಕಡಿದೆ. ತುದಿಯ ಆ ಹನಿಗೆ ದಿನಾ ಹೇಳುತ್ತಿದ್ದೆ: ಇಳೀಬೇಡ, ಅಲ್ಲೇ ಕೂತಿರು, ನಮ್ಮ ದಿನ ಬರುತ್ತದೆ.

ಬಂತು! ಮರುವರ್ಷ ಜನವರಿಯಲ್ಲಿ ಬಿರುಸಾದ ಚಳಿಗಾಳಿ ಎದ್ದಿತು. ಸೊನ್ನೆಯ ದಾಖಲೆ ತನ್ನ ಹೆಸರಿಗೇ ಬರಲೆಂದು ಮಾಸ್ತರನಿಗೆ ಆಸೆ ಹುಟ್ಟಿತು. ಸೊನ್ನೆ ದಾಟಿದ ಥರ್ಮಾಮೀಟರ್ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತಲ್ಲ! ನನ್ನನ್ನು ತೆಗೆದು, ಒರೆಸಿ, ತನ್ನ ತೋಟದಲ್ಲಿ ಮಲಗಿಸಿದ. ಮುಂಜಾನೆ ನೆಲದ ಮೇಲೆ ನಿಜವಾಗಿ ಇದ್ದದ್ದು ಸುಮಾರು ಎರಡು. ನಾನು ತೋರಿಸಿದ್ದು ಸೊನ್ನೆಗಿಂತ ಕೂದಲೆಳೆಯಷ್ಟು ಕೆಳಗೆ. ಮನಸ್ಸಿನಲ್ಲೇ ನಕ್ಕೆ.

ಮಾಸ್ತರ ಇಡೀ ಬಳಗವನ್ನು ಕರೆಸಿದ. ಪೇಪರಿನವನನ್ನೂ ಕರೆಸಿದ, ಅವನು ಇವನದೇ ಹಳೆಯ ವಿದ್ಯಾರ್ಥಿ. ಗೆದ್ದದ್ದನ್ನು ನೋಡಲಿ ಎಂದು ಸುಗಲಾಬಾಯಿಗೂ ಹೇಳಿ ಕಳಿಸಿದ. ಅದೇ ಅವನು ಮಾಡಿದ ತಪ್ಪು.

ಅವಳು ಶಾಲು ಹೊದ್ದು ಬಂದಳು. ಮೊದಲು ನನ್ನನ್ನಲ್ಲ, ಹುಲ್ಲನ್ನು ಮುಟ್ಟಿದಳು. ಅಂಗೈ ತೊಯ್ದಿತ್ತು.

"ಮಾಸ್ತರ, ಸೊನ್ನಿ ಅಂತೀರಿ, ಇಬ್ಬನಿ ಹೆಪ್ಪಗಟ್ಟಿಲ್ಲಲ್ರಿ?"

"ಹೊಟ್ಟಿಕಿಚ್ಚಿಗಿ ಔಷಧ ಇಲ್ಲ ನೋಡ್ರಿ," ಅಂದು ಮಾಸ್ತರ ಎಲ್ಲರತ್ತ ತಿರುಗಿ ನಕ್ಕ.

ಅವಳು ಬಗ್ಗಿ ನನ್ನನ್ನು ಕಣ್ಣ ಮಟ್ಟಕ್ಕೆ ಹಿಡಿದಳು, ಮೊದಲ ದಿನದ ಹಾಗೆಯೇ. ತುದಿಯ ಹನಿ ಕಂಡಿತು. ಅವಳ ಬೆರಳು ಬಿಗಿಯಾಯಿತು. ಮೆತ್ತಗೆ, "ಇಸ್ಮಾಯಿಲ್ ಭಾಯಿ, ಒಳಗ ಫ್ರಿಜ್ಜಿನಾಗ ಬರ್ಫ್ ಇದ್ರ ಕುಟ್ಟಿ ತರ್ರಿ," ಅಂದಳು.

ಲೋಟದಲ್ಲಿ ನೀರು, ಪುಡಿ ಮಾಡಿದ ಮಂಜುಗಡ್ಡೆ, ಅದರಲ್ಲಿ ನಾನು. ಎಲ್ಲರೂ ಬಗ್ಗಿದರು. ನಾನು ಇಳಿದೆ. ಸೊನ್ನೆಯಲ್ಲಿ ನಿಲ್ಲಲಿಲ್ಲ. ಎರಡು ಡಿಗ್ರಿ ಕೆಳಗೆ ಹೋಗಿ ಕೂತೆ.

"ಸರ್," ಪೇಪರಿನವನು ತಲೆ ಕೆರೆದುಕೊಂಡ, "ಕರಗೋ ಬರ್ಫ್ ಯಾವಾಗ್ಲೂ ಸೊನ್ನಿ ಇರ್ತದ ಅಂತ ನೀವೇ ಕಲಿಸಿದ್ರಿ..."

"ಒಳಗ ಸ್ಪಿರಿಟ್ ಹರಿದು ತುಂಡಾಗ್ಯದ," ಅಂದಳು ಸುಗಲಾಬಾಯಿ. "ಜ್ವರದ ಥರ್ಮಾಮೀಟರ್ ಜಾಡಿಸ್ದಂಗ ಜಾಡಿಸಿದ್ರ ಹಿಂಗಾಗ್ತದ. ನನ್ನ ಕೈಯಾಗಿದ್ದಾಗ ಇದನ್ನ ಒಂದಿನಾನೂ ಜಾಡಿಸಿಲ್ಲ."

"ಒಂದ್ಸಲ ಜಾಡಿಸಿದ್ರ ಹರೀತದೇನ್ರಿ?" ಮಾಸ್ತರ ರೇಗಿದ. "ನಾ ಒಂದೇ ಸಲ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

"ಯಾವತ್ತು, ಮಾಸ್ತರ?" ಕೇಳಿದಳು ಸುಗಲಾಬಾಯಿ.

ಅವನು ಒಳಗೆ ಹೋಗಲು ತಿರುಗಿದ. ಅವಳು ಬಿಡಲಿಲ್ಲ. ಬಳಗದ ಪುಸ್ತಕ ತರಿಸಿ, ಹಿಂದಿನ ವರ್ಷದ ಹಾಳೆ ತೆಗೆದು, ಪೆನ್ನನ್ನು ಅವನ ಕೈಗೇ ಕೊಟ್ಟಳು. "ಬರೀರಿ. ಸುಗಲಾಬಾಯಿ ಹಿತ್ತಲು, ಸೊನ್ನಿಗಿಂತ ಅರ್ಧ ಡಿಗ್ರಿ ಕಡಿಮಿ. ಕಣ್ಣಾರೆ ನೋಡಿದವರು ಅಂತ ಕೆಳಗ ನಿಮ್ಮ ಸಹಿ." ಅವನು ಬರೆದ. ಸಹಿಯನ್ನೂ ಹಾಕಿದ.

ಈಗ ನನಗೆ ವಯಸ್ಸಾಗಿದೆ. ಅಂಕಿಗಳು ಮಾಸಿವೆ. ಸುಗಲಾಬಾಯಿಯ ಹಿತ್ತಿಲಿನಲ್ಲಿ ಹೊಸ ಥರ್ಮಾಮೀಟರ್ ಮಲಗುತ್ತದೆ. ಹಿಮ ಬಿದ್ದರೆ ಆ ಸುದ್ದಿ ಹೇಳುವ ಭಾಗ್ಯ ಅದರದು. ಅದೊಂದು ಸಂಕಟ ನನಗಿದೆ, ಸುಳ್ಳು ಹೇಳುವುದಿಲ್ಲ. ಬೇಕೆಂದರೆ ನನ್ನನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟಿ ತಟ್ಟಿ ಆ ಹನಿಯನ್ನು ಇಳಿಸಬಹುದು. ಅವಳಿಗೆ ಆ ವಿದ್ಯೆ ಗೊತ್ತು. ಇಳಿಸಲಿಲ್ಲ. ನನ್ನನ್ನು ಬೀದಿ ಕಡೆಯ ಕಿಟಕಿಗೆ ಕಟ್ಟಿದ್ದಾಳೆ, ಹನಿ ಹೊರಗೆ ಕಾಣುವಂತೆ.

ಬಜಾರಿಗೆ ಹೋಗಲು ಮಾಸ್ತರನಿಗೆ ಇದೊಂದೇ ದಾರಿ. ದಿನಾ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಸುಗಲಾಬಾಯಿ ಕಿಟಕಿಯಲ್ಲಿ ಕಾಯುತ್ತಿರುತ್ತಾಳೆ.

"ಮಾಸ್ತರ," ಎಂದು ಕೂಗುತ್ತಾಳೆ, "ಇವತ್ತ ಎಷ್ಟದ, ಸ್ವಲ್ಪ ನೋಡಿ ಹೇಳ್ರಿ. ನನಗ ಕಣ್ಣ ಮಂಜು."

ಅವನು ನಿಲ್ಲಲೇಬೇಕು. ನನ್ನನ್ನು ನೋಡಲೇಬೇಕು. ಎರಡು ಕೂಡಿಸಿ ಹೇಳಲೇಬೇಕು.