ಮುಂದೆ ಹೇಳುವವಳು

2006ರ ಮಾರ್ಚ್ 14, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಾರ್ಖಾನೆಯ ಮೂರನೇ ಪ್ರೆಸ್ಸಿನ ಪಕ್ಕದಲ್ಲಿ ಅನಂತರಾಜು ಶಬ್ದಮಾಪಕವನ್ನು ಕಿವಿಯ ಎತ್ತರಕ್ಕೆ ಹಿಡಿದು ನಿಂತಿದ್ದ. ತೊಂಬತ್ತಾರು ಡೆಸಿಬಲ್. ಬರೆದುಕೊಂಡ.

ಹಾರೋಹಳ್ಳಿಯ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಅವನಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಎಲ್ಲಿ ಎಷ್ಟು ಸದ್ದು ಎಂದು ಅಳೆಯುವುದು, ವರದಿ ಬರೆಯುವುದು. ಸದ್ದು ಹಿತವೋ ಅಹಿತವೋ ಎಂದು ವರದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದು ಅವನಿಗೆ ಹಿಡಿಸಿತ್ತು.

ಜೇಬಿನಲ್ಲಿ ಮೊಬೈಲು ನಡುಗಿತು. ಹೊರಗೆ ಬಂದು ಎತ್ತಿಕೊಂಡ. ತಂಗಿ ಲತಾಮಣಿ.

"ಅಣ್ಣ, ಕ್ಯಾಸೆಟ್ ಇಟ್ಕಂಡ್ಯಾ?"

"ಬ್ಯಾಗಲ್ಲಿದೆ."

"ಹಾಡ್ತದಾ? ಹಾಕಿ ನೋಡ್ದಾ?"

"ಹಳೇದು. ಹೇಳಕ್ಕಾಗಲ್ಲ."

"ಹಂಗಂದ್ರೆ ಹೆಂಗಣ್ಣ? ಕೇರಿಗೆಲ್ಲ ಹೇಳ್ಬುಟ್ಟಿವ್ನಿ. ಅವ್ವ ಬೆಳಿಗ್ಗೆಯಿಂದ ಬಾಗ್ಲ ಕಡೀಕೇ ನೋಡ್ತಾ ಕುಂತವ್ಳೆ."

"ಮೂರು ಗಂಟೆಗೆ ಬರ್ತೀನಿ" ಎಂದು ಕತ್ತರಿಸಿದ.

ಲತಾಮಣಿಯ ಮಗಳು ಪ್ರತಿಮಾ ದೊಡ್ಡವಳಾಗಿದ್ದಳು. ಅಂಗಳದ ಹಸಿರು ಗುಡ್ಲಿನಿಂದ ಅವಳನ್ನು ಎಬ್ಬಿಸಿ ಒಳಗೆ ಕರೆದು ಆರತಿ ಎತ್ತುವ ಒಸಗೆಯ ದಿನ ಇವತ್ತು. ಗುಡ್ಲಿಗೆ ಸೊಪ್ಪು ಕಡಿದು ತರಬೇಕಾದವನು ಸೋದರಮಾವ. ಗುಡ್ಲು ಹಾಕಿದ ದಿನ ಸೋದರಮಾವ ಬಿಡದಿಯಲ್ಲಿ ಜನರೇಟರ್ ಒಂದರ ಸದ್ದು ಅಳೆಯುತ್ತಿದ್ದ. ಲತಾಮಣಿಯ ಗಂಡ ಸ್ವಾಮಿಯೇ ಸೊಪ್ಪು ಕಡಿದಿದ್ದ. ಅನಂತರಾಜುವಿನ ಪಾಲಿಗೆ ಉಳಿದದ್ದು ಒಂದೇ: ಅವ್ವನ ಹಾಡು.

ಅವ್ವ ಬೋರಮ್ಮ ಮರಳವಾಡಿಯಲ್ಲಿ ಸೋಬಾನೆಗೆ ಮುಂದೆ ಹೇಳುವವಳು. ಅವಳು ಸಾಲು ಎತ್ತಬೇಕು, ಉಳಿದವರು 'ಸೋಬಾನೆ' ಎಂದು ಹಿಂದೆ ಹೇಳಬೇಕು. ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆಯ ಜೊತೆ ಅವಳ ಧ್ವನಿಪೆಟ್ಟಿಗೆಯನ್ನೂ ಡಾಕ್ಟರು ತೆಗೆದರು. ಉಳಿದ ಹೆಂಗಸರಿಗೆ ಹಿಂದೆ ಹೇಳುವುದಷ್ಟೇ ಗೊತ್ತು. 1987ರಲ್ಲಿ, ಲತಾಮಣಿಯದೇ ಒಸಗೆಯಲ್ಲಿ, ಹದಿನೇಳು ವರ್ಷದ ಅನಂತರಾಜು ಕನಕಪುರದ ಕ್ಯಾಸೆಟ್ ಅಂಗಡಿಯ ಗಫಾರನಿಂದ ಟೇಪ್ ರೆಕಾರ್ಡರ್ ಕೇಳಿ ತಂದು ಅವ್ವನ ಹಾಡನ್ನು ಹಿಡಿದಿದ್ದ. ಅವ್ವನ ದನಿ ಉಳಿದಿರುವುದು ಅದೊಂದರಲ್ಲೇ ಎಂದು ಲತಾಮಣಿ ನಂಬಿದ್ದಳು.

ಅದರಲ್ಲೂ ಉಳಿದಿರಲಿಲ್ಲ. ಅಳಿಸಿದ್ದು ಅವನೇ.

ಮಧ್ಯಾಹ್ನ ಮರಳವಾಡಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೆಡ್‌ಫೋನು ಹಾಕಿಕೊಂಡ. ಅದರ ತಂತಿ ಯಾವುದಕ್ಕೂ ಸೇರಿರಲಿಲ್ಲ. ಈಚೆಗೆ ಹಾಗೇ ಕೂರುತ್ತಿದ್ದ.

ಹಾಡು ಎಂದರೆ ರೇಷ್ಮೆಹುಳುಗಳಿಗಾಗಿ ಎಂದು ಏಳೆಂಟು ವರ್ಷದವರೆಗೂ ಅವನು ತಿಳಿದಿದ್ದ. ಹುಳುಗಳ ತಟ್ಟೆಗಳ ಕೆಳಗೆ ಅವನ ಚಾಪೆ. ಅವ್ವ ಹಿಪ್ಪುನೇರಳೆ ಸೊಪ್ಪು ಹರವುತ್ತ ಗುನುಗುವಳು. ಕೊನೇ ಜ್ವರ ಎದ್ದ, ಪೊರೆ ಕಳಚಿದ ಹುಳುಗಳು ತುಂತುರು ಮಳೆಯ ಸದ್ದಿನಲ್ಲಿ ತಿನ್ನುವವು. ಅವ್ವ ನಿಲ್ಲಿಸಿದರೆ ಹುಳುಗಳೂ ನಿಲ್ಲಿಸುತ್ತವೆ ಎಂದು ಅವನಿಗೆ ಭಯ. ಆಮೇಲೆ ಕಬ್ಬಾಳಿನ ಜಾತ್ರೆಯಲ್ಲಿ ತಮಟೆ ಕೇಳಿದ. ಒಂದು ವಾರ ಊಟದ ತಟ್ಟೆ ಬಡಿದು ಏಟು ತಿಂದ. ಹೈಸ್ಕೂಲಿನಲ್ಲಿ ಸಿನಿಮಾ ಹಾಡು. ಗಫಾರನ ಅಂಗಡಿ ಮುಂದೆ ನಿಂತು ಚರಣ ಮುಗಿಯಲೆಂದು ಎಷ್ಟು ಬಸ್ಸು ಬಿಟ್ಟನೋ.

ಬಿ.ಎಸ್‌ಸಿ.ಗೆಂದು ಹಾಸ್ಟೆಲ್ ಸೇರಿದಾಗ ಕೋಣೆಯ ಜೊತೆಗಾರ ಶಶಾಂಕ್ ಸಿಕ್ಕಿದ. ಮೈಸೂರಿನವನು, ಮನೆಯಲ್ಲಿ ತಂಬೂರಿ ಇದ್ದವನು. ಅವ್ವನ ಕ್ಯಾಸೆಟ್ಟನ್ನು ಪೂರ್ತಿ ಕೇಳಿ, ಮರ್ಯಾದೆಯಿಂದಲೇ, "ಚೆನ್ನಾಗಿದೆ. ಆದ್ರೆ ಶ್ರುತಿ ನಿಲ್ಲಲ್ಲ, ಅಲ್ವಾ?" ಎಂದ. ಮರುದಿನ ಅನಂತರಾಜು ಲ್ಯಾಬಿನಿಂದ ಒಂದೇ ಸ್ವರ ಮಿಡಿಯುವ ಶ್ರುತಿಕವೆ ತಂದು ಹಿಡಿದು ನೋಡಿದ. ನಿಜ. ಐದನೇ ಸಾಲಿನ ಹೊತ್ತಿಗೆ ಅವ್ವ ಅರ್ಧ ಸ್ವರ ಮೇಲೆ ಹೋಗಿದ್ದಳು. ಅವನ ಕಿವಿ ಬಿಸಿಯಾಯಿತು.

ಒಂದು ಭಾನುವಾರ ರೇಡಿಯೋದಲ್ಲಿ ದೊಡ್ಡ ಕಛೇರಿ. ಖಾಲಿ ಕ್ಯಾಸೆಟ್ ಇರಲಿಲ್ಲ. ಅವ್ವನ ಕ್ಯಾಸೆಟ್ ಅಳಿಯದಿರಲೆಂದು ಹಿಂದೆ ಅವನೇ ಅದರ ಅಂಚಿನ ಎರಡು ಚಕ್ಕೆಗಳನ್ನು ಮುರಿದಿದ್ದ. ಈಗ ಅವನೇ ಆ ಎರಡು ತೂತಿಗೆ ಕಾಗದ ತುರುಕಿ ರೆಕಾರ್ಡ್ ಗುಂಡಿ ಒತ್ತಿದ. ಕೈ ತಪ್ಪಿ ಆದದ್ದಲ್ಲ; ಮಡಿಸಿ, ಅಳತೆ ನೋಡಿ ತುರುಕಿದ್ದ.

ಅಲ್ಲಿಂದ ಅವನ ಅಭಿರುಚಿ ಬೆಳೆಯುತ್ತಲೇ ಹೋಯಿತು. ಕೀರ್ತನೆ ಬೇಸರವಾಗಿ ಬರೀ ಆಲಾಪನೆ ಸಾಕೆನಿಸಿತು. ಆಲಾಪನೆಯಲ್ಲೂ ಹಾಡುವವನ ಉಸಿರು, ಕೆಮ್ಮು ಇದೆ ಎನಿಸಿ ವೀಣೆ. ಕೊನೆಗೆ ಬರೀ ತಂಬೂರಿ. ಬೆಳೆದಷ್ಟೂ ಹಿಡಿಸುವುದು ಕಡಿಮೆಯಾಯಿತು. ಅವ್ವನ ಒಂದು ಸಾಲು ನೆನಪಿಗೆ ಬರುವುದೇ ಎಂದು ವಾರದಿಂದ ಪ್ರಯತ್ನಿಸಿದ್ದ. ಮೂವತ್ತು ರಾಗಗಳು ಬಂದವು.

ಆದರೂ ಒಂದು ಲೆಕ್ಕಾಚಾರ ಇತ್ತು. ಎರಡನೇ ಮಗ್ಗುಲಲ್ಲಿ ಕಛೇರಿ ಮುಗಿದ ಮೇಲೆ ಟೇಪು ಒಂದಿಷ್ಟು ಮಿಕ್ಕಿರಬೇಕು. ಅಲ್ಲಿ ಅವ್ವ ಇರಬಹುದು. ಹದಿನೈದು ವರ್ಷ ಅವನು ಹಾಕಿ ನೋಡಿರಲಿಲ್ಲ. ನೋಡದಿರುವವರೆಗೆ ಅವಳು ಇರುವ ಸಾಧ್ಯತೆಯೂ ಇತ್ತು.

ಅವ್ವನ ಮನೆಯ ನಡುಮನೆಯಲ್ಲಿ ಹದಿನೈದು ಇಪ್ಪತ್ತು ಹೆಂಗಸರು. ಪ್ರತಿಮಾ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅವ್ವ ಗೋಡೆಗೊರಗಿ, ಕತ್ತಿನ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಅವನನ್ನೇ ನೋಡಿದಳು.

"ಬಂದ್ನಪ್ಪ ಸೋದರಮಾವ!" ಎಂದಳು ಅವ್ವನ ಓರಗೆಯ ಬೈರಮ್ಮ. "ಸೊಪ್ಪಿಗೆ ಬರ್ನಿಲ್ಲ, ಪಾಯಸಕ್ಕೆ ಬಂದ."

"ಸುಮ್ಕಿರಕ್ಕ, ಕ್ಯಾಸೆಟ್ ತಂದೌನೆ" ಎಂದಳು ಲತಾಮಣಿ.

ಸ್ವಾಮಿ ಅವನ ಕೈಯಿಂದ ಕ್ಯಾಸೆಟ್ ಇಸಕೊಂಡ. "ಭಾವ, ಈ ತೂತಲ್ಲಿ ಎಂತದೋ ಕಾಗ್ದ ಐತಲ್ಲ?"

"ಇರ್ಲಿ. ಸ್ವಲ್ಪ ತಡಿ, ಮುಂದಕ್ಕೆ ಓಡಿಸ್ಬೇಕು."

ಸ್ವಾಮಿ ಆಗಲೇ ಅದನ್ನು ಟೇಪ್ ರೆಕಾರ್ಡರಿಗೆ ಹಾಕಿ ಒತ್ತಿದ್ದ. ಗಂಡಸಿನ ದನಿಯೊಂದು 'ಆ' ಎಂದು ಶುರುಮಾಡಿ, ಸ್ವರವೊಂದರ ಸುತ್ತ ನಿಧಾನವಾಗಿ ಸುತ್ತತೊಡಗಿತು. ಶ್ರುತಿ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಯಾರ್ಲಾ ಇವ್ನು?" ಬೈರಮ್ಮ ಕೇಳಿದಳು. "ಹಲ್ನೋವಾ?"

ಹೆಂಗಸರು ನಕ್ಕರು. ಲತಾಮಣಿ ನಗಲಿಲ್ಲ.

"ಅಣ್ಣ, ಅವ್ವಂದು ಎಲ್ಲಿ?"

"ಕೊನೇಲಿದೆ."

"ಅದರ ಮ್ಯಾಲೆ ಇದ್ಯಾರು ಹಾಕಿದ್ದು?"

ಅವನು ಬಗ್ಗಿ ಟೇಪನ್ನು ಓಡಿಸಿದ. ನಿಲ್ಲಿಸಿದ, ಒತ್ತಿದ. ಚಪ್ಪಾಳೆ. ಒಂದು ಕಟಕ್. ಆಮೇಲೆ ಥಟ್ಟನೆ ಹತ್ತೊಂಬತ್ತು ವರ್ಷದ ಹಿಂದಿನ ಇದೇ ನಡುಮನೆ, ಬಳೆ ಸದ್ದು, ಒಟ್ಟಿಗೆ ಎದ್ದ ಹೆಂಗಸರ ದನಿ: "ಸೋಬಾನೇ..." ಟೇಪು ಮುಗಿದು ಗುಂಡಿ ತಾನಾಗಿ ಮೇಲೆ ಹಾರಿತು.

ಹಿಂದೆ ಹೇಳಿದವರಷ್ಟೇ ಉಳಿದಿದ್ದರು.

ಲತಾಮಣಿ ಅವನ ಕಡೆ ನೋಡಲಿಲ್ಲ. ಆರತಿ ತಟ್ಟೆಯ ಬತ್ತಿಯನ್ನು ಸರಿಮಾಡುತ್ತ, "ಓದ್ದವನು ನೀನು, ಮಡಗ್ತೀಯ ಅಂತ ಕೊಟ್ಟಿದ್ದು" ಎಂದಳು, ಮೆಲ್ಲಗೆ.

ಆಗ ಅವ್ವನ ತುಟಿ ಅಲುಗಿತು. ಎಡಗೈ ತೊಡೆಯ ಮೇಲೆ ತಾಳ ಹಾಕಿತು. ಟೇಪಿನ ಹೆಂಗಸರು ಬಿಟ್ಟಲ್ಲಿಂದ ಅವಳು ಮುಂದಿನ ಸಾಲು ಎತ್ತಿದ್ದಳು. ಕತ್ತಿನ ಬಟ್ಟೆ ಉಬ್ಬಿ ತಗ್ಗುತ್ತಿತ್ತು. ದನಿಯಿಲ್ಲ. ಬೈರಮ್ಮ ಆ ತುಟಿಗಳನ್ನೇ ನೋಡುತ್ತಿದ್ದು, ಸಾಲು ಮುಗಿದ ಕಡೆ ಸರಿಯಾಗಿ ಹಿಡಿದಳು: "ಸೋಬಾನೇ..." ಎಲ್ಲರೂ ಸೇರಿದರು. ಮತ್ತೆ ನಿಲ್ಲಿಸಿದರು, ಕಾದರು, ಅವ್ವ ಮುಂದಿನ ಸಾಲು ಹೇಳಿದಳು, ಮತ್ತೆ ಹಿಡಿದರು. ಪ್ರತಿಮಾ ತಲೆ ಎತ್ತಿ ಕೇಳುತ್ತಿದ್ದಳು. ಲತಾಮಣಿಯ ಕಣ್ಣಲ್ಲಿ ನೀರು. ಎಲ್ಲರಿಗೂ ಕೇಳಿಸುತ್ತಿತ್ತು.

ಅನಂತರಾಜು ಕಿವಿಗೊಟ್ಟ. ಇನ್ನೂ ಗಮನವಿಟ್ಟ; ಅವನಿಗೆ ಹೆಂಗಸರ ದನಿಯಷ್ಟೇ ಕೇಳಿಸಿತು. ಆಮೇಲೆ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬ್ಯಾಗಿನಿಂದ ಶಬ್ದಮಾಪಕ ತೆಗೆದು, ಅವ್ವನ ಮುಂದೆ ಮಂಡಿಯೂರಿ, ಅವಳ ಬಾಯಿಯ ಹತ್ತಿರ ಹಿಡಿದ. ಅವ್ವ ಹಾಡು ನಿಲ್ಲಿಸಲಿಲ್ಲ. ಅವನನ್ನು ದಾಟಿ ಹೆಂಗಸರನ್ನು ನೋಡುತ್ತಿದ್ದಳು.

ಹೆಂಗಸರು ಹೇಳಿದಾಗ ಎಪ್ಪತ್ತೆಂಟು. ಅವ್ವನ ಸರದಿಗೆ ಇಳಿಯಿತು. ಖಾಲಿ ಕೋಣೆಯಷ್ಟು. ಮತ್ತೊಮ್ಮೆ ನೋಡಿದ. ಅಷ್ಟೇ.

ನಲವತ್ತೊಂದು ಡೆಸಿಬಲ್.