ಪಿಕಪ್ಪಿನ ಮುಚ್ಚಳ

ಕೊಳ್ಳಲು ಬಂದವರು ಹಲ್ಲಿನ ಡಾಕ್ಟರು. ಹಳೆಯ ಎಲೆಕ್ಟ್ರಿಕ್ ಗಿಟಾರುಗಳೆಂದರೆ ಅವರಿಗೆ ಪ್ರಾಣ. ನುಡಿಸಲು ಮಾತ್ರ ಬಾರದು. ನಮ್ಮ ಭಾವನ ಗಿಟಾರನ್ನು ನನ್ನ ರಿಪೇರಿ ಮೇಜಿನ ಮೇಲೆ ಅಂಗಾತ ಮಲಗಿಸಿ, ಬಾಯಿ ತೆರೆಸಿದವರಂತೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಅರವತ್ತು ವರ್ಷ ಹಳೆಯದು, ಒಳಗಿರುವುದೆಲ್ಲ ಕಂಪನಿಯದೇ ಎಂದು ನಾನು ಹೇಳಿದರೆ ಸಾಕು, ಕೇಳಿದ ಬೆಲೆ ಕೊಡುತ್ತಾರಂತೆ. ಮಾರುವವರ ಭಾವಮೈದುನನಾದರೂ ಪರವಾಗಿಲ್ಲ, ನನ್ನ ಮಾತಿನ ಮೇಲೆ ನಂಬಿಕೆಯಿದೆ ಎಂದರು. ಆ ದುಡ್ಡಿನಲ್ಲಿ ಗ್ರೌಂಡ್ ಫ್ಲೋರಿನಲ್ಲಿ ಒಂದು ಮನೆ ಮಾಡಬೇಕೆಂಬುದು ಭಾವನ ಆಸೆ. ಮೂರು ಮಹಡಿ ಹತ್ತಿಳಿದು ಅಕ್ಕನ ಮಂಡಿ ಸವೆದುಹೋಗಿದೆ.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಭಾವ, ಕೊಂಡ ದಿನದಿಂದ ಅದರೊಳಗೆ ಯಾರೂ ಕೈ ಹಾಕಿಲ್ಲವೆಂದು ಎರಡನೇ ಸಲ ಹೇಳಿದರು. ಕೈ ಹಾಕಿದವನು ನಾನೇ.

ಇಪ್ಪತ್ತೆರಡು ವರ್ಷದ ಹಿಂದೆ, ವಾದ್ಯತಂಡವೊಂದರಲ್ಲಿ ನುಡಿಸುತ್ತಿದ್ದ ಭಾವ ತಂತಿ ಬದಲಿಸಿಕೊಡು ಎಂದು ಕೊಟ್ಟಿದ್ದರು. ನಾನಾಗ ಕೆಲಸ ಕಲಿಯುತ್ತಿದ್ದ ಅಧಿಕಪ್ರಸಂಗಿ. ತಂತಿಗಳ ಕೆಳಗೆ ಕೂತು ದನಿ ಹಿಡಿಯುವ ಪಿಕಪ್ ಒಳಗೆ ಹೇಗಿರುತ್ತದೆ ನೋಡೋಣ ಎಂದು ಮುಚ್ಚಳ ತೆಗೆದೆ. ಅದಕ್ಕೆ ಸುತ್ತಿದ್ದ, ಕೂದಲಿಗಿಂತ ಸಣ್ಣನೆಯ ತಾಮ್ರದ ಎಳೆ ಸ್ಕ್ರೂಡ್ರೈವರ್ ತಾಗಿ ಹರಿದುಹೋಯಿತು. ಹೊಸ ಪಿಕಪ್ ತಂದು ಹಳೆಯ ಮುಚ್ಚಳದೊಳಗೆ ಕೂರಿಸಿ, ಬೆಸುಗೆ ಹೊಳೆಯದಿರಲೆಂದು ಮಸಿ ಸವರಿದೆ. ಘನಂದಾರಿ ಕೆಲಸ. ಹೇಳಿದರೆ ಬೈಯುತ್ತಾರೆಂದು ಬಾಯಿ ಹೊಲಿದುಕೊಂಡೆ.

ಈಗ ಗಿಟಾರಿನ ಕತ್ತು ಬಿಚ್ಚಿ, ಬುಡದಲ್ಲಿ ಕಂಪನಿಯವರು ಪೆನ್ಸಿಲಿನಲ್ಲಿ ಬರೆದಿದ್ದ ತಾರೀಕು ತೋರಿಸಿದೆ. ವಾಲ್ಯೂಮ್ ಗುಂಡಿಯ ಅಡಿಯ ನಂಬರೂ ಅದೇ ವರ್ಷದ್ದು. ಡಾಕ್ಟರ ಮುಖ ಅರಳಿತು. ಪಿಕಪ್ಪಿನ ಸರದಿ ಬಂದಾಗ ಅವರೇ, ಮುಚ್ಚಳ ತೆಗೆಯುವುದು ಬೇಡ, ನೀವು ಹೇಳಿದರೆ ಮುಗಿಯಿತು ಎಂದುಬಿಟ್ಟರು. ತಪ್ಪಿಸಿಕೊಳ್ಳಲು ಇದಕ್ಕಿಂತ ಬೇರೆ ದಾರಿ ಬೇಕೆ? ಅಕ್ಕ ಗೋಡೆ ಹಿಡಿದು ಮೆಟ್ಟಿಲು ಹತ್ತುವುದು ಕಣ್ಣ ಮುಂದೆ ಬಂತು. ಹೂಂ ಎನ್ನಲು ಹೋದೆ, ಆಗಲಿಲ್ಲ. ನನ್ನ ಬಗ್ಗೆ ನನಗೇ ಹೇಸಿಗೆಯಾಗಿತ್ತು.

"ಇದು ಹೊಸದು ಸಾರ್. ನಾನೇ ಹಾಕಿದ್ದು. ಭಾವನಿಗೆ ಗೊತ್ತಿಲ್ಲ."

ಡಾಕ್ಟರು ಟಾರ್ಚ್ ಆರಿಸಿದರು. ಯೋಚನೆ ಮಾಡಿ ಹೇಳುತ್ತೇನೆಂದು ಹೊರಟರು. ಹಾಗೆಂದು ಹೋದವರು ಮತ್ತೆ ಬರುವುದಿಲ್ಲವೆಂಬುದು ಅಂಗಡಿ ಇಟ್ಟವರಿಗೆಲ್ಲ ಗೊತ್ತು.

ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಭಾವ ಬೆಲೆಯ ಮಾತೇ ಎತ್ತಲಿಲ್ಲ. ಯಾವಾಗ ಹಾಕಿದ್ದು ಎಂದಷ್ಟೇ ಕೇಳಿದರು. ಅವರ ಚಿಕ್ಕ ಮಗಳು ಹುಟ್ಟಿದ ವರ್ಷ ಎಂದೆ. ಹೇಳುತ್ತಿದ್ದಂತೆ ನನಗೂ ಹೊಳೆಯಿತು. ಅವರು ವಾದ್ಯತಂಡ ಬಿಟ್ಟದ್ದೂ ಅದೇ ವರ್ಷ. ಬೇಜಾರು ಬಂತು ಎಂದು ಮನೆಯವರಿಗೆಲ್ಲ ಹೇಳಿದ್ದರು. ಭಾವ ತಮ್ಮ ಎಡಗೈಯನ್ನು ಮಡಿಚಿ ಬಿಡಿಸಿ ನೋಡಿಕೊಳ್ಳುತ್ತಿದ್ದರು.

"ಬೇಜಾರಲ್ಲ ಕಣೋ," ಎಂದರು. "ಎಷ್ಟು ನುಡಿಸಿದ್ರೂ ಮೊದಲಿನ ದನಿ ಬರ್ತಿರಲಿಲ್ಲ. ನನ್ನ ಕೈಯೇ ಹೋಯ್ತು ಅನ್ಕೊಂಡೆ."