ಹಿಂದಿನ ಗೋಡೆಯ ಐದು ಅಡಿ

ಜಯನಗರದಲ್ಲಿ ನಮ್ಮ ಮನೆ ಎದ್ದದ್ದು ಮುನಿಲಕ್ಷ್ಮಮ್ಮನ ಊರಿನ ಬಾವಿಯ ನೀರಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದ ಜಗಳದಲ್ಲಿ ಎಲ್ಲರೂ ಮರೆತದ್ದು ಇದನ್ನೇ.

ನನಗೆ ಸೈಟು ಸಿಕ್ಕಿದ್ದು ೧೯೫೭ರಲ್ಲಿ. ಆಗ ನಾನು ಬಸವನಗುಡಿಯ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ ಟೀಚರು. ಅರ್ಜಿಯನ್ನು ನನ್ನ ಹೆಸರಿನಲ್ಲೇ ಹಾಕಿದ್ದೆ. ಏಳು ಸಂಸಾರಕ್ಕೆ ಒಂದು ನಲ್ಲಿ ಇದ್ದ ವಠಾರದಲ್ಲಿ ಆರು ವರ್ಷ ಕಳೆದವಳಿಗೆ ಗಾಳಿ ಬರುವ ಎರಡು ಕೋಣೆ ಸಿಕ್ಕರೆ ಸಾಕಾಗಿತ್ತು. ನಮ್ಮ ಯಜಮಾನರು ರಾಮಪ್ರಸಾದ, ಬ್ಯಾಂಕಿನಲ್ಲಿ ಗುಮಾಸ್ತರು, ಸೈಟು ನೋಡಿಬಂದು ಮುಖ ಸಣ್ಣಗೆ ಮಾಡಿಕೊಂಡರು. "ಅಲ್ಲಿ ಯಾರಿರ್ತಾರೆ ಚೂಡಾ? ಸಂಜೆ ಆರಾದ್ರೆ ನರಿ ಕೂಗುತ್ತೆ" ಅಂದರು. ನರಿ ಬಾಡಿಗೆ ಕೇಳೋಲ್ಲವಲ್ಲ ಅಂದೆ.

ಸೈಟಿನ ನಾಲ್ಕು ಮೂಲೆಗೆ ನೆಟ್ಟಿದ್ದ ಕಲ್ಲುಗಳಲ್ಲಿ ಒಂದಕ್ಕೆ ಕೆಂದು ಬಣ್ಣದ ಹಸು ಕಟ್ಟಿತ್ತು. ಹೆಸರು ಕೆಂಪಿ. ಅದರ ಒಡತಿ ಮುನಿಲಕ್ಷ್ಮಮ್ಮ. ನಮ್ಮ ಸೈಟಿನ ಹಿಂದೆಯೇ ಹಳೆಯ ಊರಿನ ಹದಿನಾಲ್ಕು ಮನೆಗಳಿದ್ದವು, ಅವುಗಳಲ್ಲಿ ಒಂದು ಅವಳದು. ಮುಂದಿನ ರಸ್ತೆ ದಾಟಿದರೆ ಆ ಊರಿನ ಬಾವಿ. ನಡುವೆ ಇದ್ದ ರಾಗಿ ಹೊಲವೆಲ್ಲ ಬಡಾವಣೆಗೆ ಹೋಗಿ ಸಾಲುಸಾಲು ಸೈಟುಗಳಾಗಿದ್ದವು. ಬಾವಿಯ ಜಾಗಕ್ಕೆ ನಕ್ಷೆಯಲ್ಲಿ ಪಾರ್ಕು ಎಂದು ಬರೆದಿತ್ತು. ಹೊಲ ಹೋದರೂ ಹೆಂಗಸರು ಹೊಲದ ಹಳೆಯ ದಾರಿಯಲ್ಲೇ ನೀರಿಗೆ ಬರುತ್ತಿದ್ದರು. ಆ ದಾರಿ ನಮ್ಮ ಸೈಟಿನ ಎಡಪಕ್ಕದಲ್ಲಿ ಹಾದುಹೋಗುತ್ತಿತ್ತು.

ಮನೆ ಕಟ್ಟಲು ಶುರುಮಾಡಿದಾಗ ನಮ್ಮ ಸಾಲಿಗೆ ನಲ್ಲಿ ಬಂದಿರಲಿಲ್ಲ. ಗೋಡೆ ಎದ್ದ ಮೇಲೆ ಇಪ್ಪತ್ತೊಂದು ದಿನ ಎರಡು ಹೊತ್ತೂ ನೀರು ಹಾಕದಿದ್ದರೆ ಬಿರುಕು ಬಿಡುತ್ತದೆ ಎಂದು ಮೇಸ್ತ್ರಿ ಬೈರಣ್ಣ ಹೇಳಿದ. ನೀರಿನ ಗಾಡಿಯವನು ಇಷ್ಟು ದೂರ ಬರೋಲ್ಲ ಎಂದೂ ಹೇಳಿದ. ನಾನು ತಲೆಯ ಮೇಲೆ ಕೈ ಹೊತ್ತು ಇಟ್ಟಿಗೆಯ ಮೇಲೆ ಕೂತಿದ್ದೆ. ಮುನಿಲಕ್ಷ್ಮಮ್ಮ ಕೊಡ ಹೊತ್ತು ಬರುತ್ತಿದ್ದವಳು ನಿಂತು ವಿಷಯ ಕೇಳಿಕೊಂಡಳು. ಕೊಡವನ್ನು ಗೋಡೆಯ ಮೇಲೆ ಬಗ್ಗಿಸಿ, ಮತ್ತೆ ನೀರಿಗೆ ಹೋದಳು. ಅವತ್ತಿನಿಂದ ಆ ಹದಿನಾಲ್ಕು ಮನೆಯ ಹೆಂಗಸರು ಮೂರು ಕೊಡಕ್ಕೆ ಒಂದು ಕೊಡ ನಮ್ಮ ಗೋಡೆಗೆ ಹಾಕಿ ಮನೆಗೆ ಹೋದರು. ಇಪ್ಪತ್ತೊಂದು ದಿನವೂ.

ಗೃಹಪ್ರವೇಶಕ್ಕೆ ಕೆಂಪಿಯೇ ಕರುವಿನ ಜೊತೆ ಮೊದಲು ಹೊಸ್ತಿಲು ದಾಟಿತು. ನಡುಮನೆಯಲ್ಲಿ ನಿಂತು ಸಗಣಿ ಹಾಕಿತು. ಮಹಾಲಕ್ಷ್ಮಿ ಒಳಗೆ ಬಂದಳು ಎಂದು ನಮ್ಮ ಅತ್ತೆ ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಎರಡು ವರ್ಷ ಚೆನ್ನಾಗಿಯೇ ಇತ್ತು. ಒಂದೊಂದಾಗಿ ಮನೆಗಳು ಬಂದವು, ಪ್ರತಿ ಮನೆಗೂ ಕಾಂಪೌಂಡು ಎದ್ದಿತು. ಕೊನೆಗೆ ಹಳೆಯ ಊರಿನವರಿಗೆ ಬಾವಿಗೆ ಬರಲು ಉಳಿದದ್ದು ನಮ್ಮ ಮನೆಯ ಎಡಪಕ್ಕದ ಓಣಿ ಮಾತ್ರ. ಕಟ್ಟಡದ ನಿಯಮದಂತೆ ಐದು ಅಡಿ ಖಾಲಿ ಬಿಟ್ಟಿದ್ದೆವು. ಹಿಂದಿನ ಕಾಂಪೌಂಡು ಗೋಡೆ ಕಟ್ಟಿಸುವಾಗ ಆ ಐದು ಅಡಿಯನ್ನು ಹಾಗೇ ತೆರೆದಿಡಲು ಬೈರಣ್ಣನಿಗೆ ನಾನೇ ಹೇಳಿದ್ದೆ. ಮುಂಭಾಗಕ್ಕೂ ಗೇಟು ಇಡಿಸಲಿಲ್ಲ. ಇದು ಮುಚ್ಚಿದರೆ ಅವರು ದೊಡ್ಡ ರಸ್ತೆಯ ತನಕ ಹೋಗಿ ಸುತ್ತಿ ಬರಬೇಕು, ತುಂಬಿದ ಕೊಡದೊಂದಿಗೆ ಅರ್ಧ ಮೈಲಿ.

೧೯೬೧ರಲ್ಲಿ ಪಕ್ಕದ ಸೈಟಿಗೆ ಗೌರೀಶಂಕರ ಬಂದರು. ರಿಟೈರ್ಡ್ ಇಂಜಿನಿಯರು. ಮಹಡಿ ಮನೆ ಕಟ್ಟಿಸುತ್ತಿದ್ದರು. ಮನೆ ಮುಗಿಯುವ ಮೊದಲೇ ನಿವಾಸಿಗಳ ಸಂಘ ಮಾಡಿ ಅದರ ಕಾರ್ಯದರ್ಶಿಯಾದರು. ಒಂದು ಭಾನುವಾರ ನಮ್ಮಲ್ಲಿಗೆ ಬಂದು, ಕಾಫಿ ಕುಡಿದು, ಯಜಮಾನರಿಗೆ ಲೆಕ್ಕ ಬಿಡಿಸಿ ಹೇಳಿದರು. ಹಳ್ಳಿಯವರು ದನ ಹೊಡೆದುಕೊಂಡು ಮನೆಗಳ ನಡುವೆ ಓಡಾಡುವ ರಸ್ತೆಯಲ್ಲಿ ಸೈಟಿಗೆ ಬೆಲೆ ಏರುವುದಿಲ್ಲ, ನಿಮ್ಮ ಒಂದು ಓಣಿಯಿಂದ ಇಡೀ ಸಾಲಿಗೆ ನಷ್ಟ, ದಸರೆಯೊಳಗೆ ಮುಚ್ಚಿಸಿ. ಹೋಗುವಾಗ ನನ್ನ ಕಡೆ ತಿರುಗಿ, ಸಂಘದಿಂದ ನಲ್ಲಿಗೆ ಅರ್ಜಿ ಹೋಗುತ್ತಿದೆ, ಸಹಕರಿಸದ ಮನೆಯ ನಂಬರನ್ನು ಸೇರಿಸುವುದು ಕಷ್ಟ ಎಂದರು. ಬಹಳ ವಿನಯವಾಗಿ ಹೇಳಿದರು.

ಯಜಮಾನರು ರಾತ್ರಿ ಊಟಕ್ಕೆ ಕೂತಾಗ ನಾಳೆ ಮನೆ ಮಾರಬೇಕಾಗಿ ಬಂದರೆ ಏನು ಗತಿ ಎಂದು ಕೇಳಿದರು. ನಾನು ಇರೋಕೆ ಕಟ್ಟಿಸಿದ್ದು, ಮಾರೋಕಲ್ಲ ಅಂದೆ. ಅವರು ಕೆಟ್ಟವರಲ್ಲ. ನಾಲ್ಕು ಜನ ಒಂದೇ ಮಾತು ಹೇಳಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೇ.

ಗುರುವಾರ ಸ್ಕೂಲಿನಿಂದ ಬಂದಾಗ ಹಿಂದುಗಡೆ ಮುನಿಲಕ್ಷ್ಮಮ್ಮನ ದನಿ ಕೇಳಿಸಿತು. ಹೋಗಿ ನೋಡಿದೆ. ಐದು ಅಡಿಗೆ ಅಡ್ಡವಾಗಿ ಇಟ್ಟಿಗೆ ಗೋಡೆ, ಎದೆಮಟ್ಟ. ಈಚೆ ಕಡೆ ಮುನಿಲಕ್ಷ್ಮಮ್ಮ ತುಂಬಿದ ಕೊಡದ ಜೊತೆ ನಿಂತಿದ್ದಳು. ಮಧ್ಯಾಹ್ನ ನೀರಿಗೆ ಬಂದಾಗ ಇರಲಿಲ್ಲ, ಬಾವಿಕಟ್ಟೆಯಲ್ಲಿ ಬಟ್ಟೆ ಒಗೆದು ಹಿಂದಿರುಗುವಷ್ಟರಲ್ಲಿ ಎದ್ದಿತ್ತು.

"ಯಾಕವ್ವಾ ಟೀಚರಮ್ಮ, ನಾವು ಏನು ತಪ್ಪು ಮಾಡಿದ್ವು?" ಅಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಸೆರಗು ಸಿಕ್ಕಿಸಿಕೊಂಡು ಮೇಲಿನ ಇಟ್ಟಿಗೆಗೆ ಕೈ ಹಾಕಿದೆ. ಕೀಳಲು ಬಲ ಬೇಕಾಗುತ್ತದೆ ಅಂದುಕೊಂಡಿದ್ದೆ. ತಟ್ಟೆಯಿಂದ ಒಬ್ಬಟ್ಟು ಎತ್ತಿದ ಹಾಗೆ ಬಂತು. ಎರಡನೆಯದೂ ಹಾಗೇ ಬಂತು. ಬೈರಣ್ಣ ಆಚೆ ಮೂಲೆಯಲ್ಲಿ ಸನಿಕೆ ತೊಳೆಯುತ್ತಿದ್ದವನು ತಲೆ ಎತ್ತದೆ ಹೇಳಿದ, "ಸಿಮೆಂಟ್ ಹಾಕಿಲ್ಲ ತಾಯಿ. ಬರೀ ಮಣ್ಣು. ಯಜಮಾನರು ಕಟ್ಟು ಅಂದ್ರು, ಕಟ್ಟಿದೆ. ನೀವು ಬಂದು ಕೀಳ್ತೀರಿ ಅಂತ ಗೊತ್ತಿತ್ತು."

ಮುನಿಲಕ್ಷ್ಮಮ್ಮ ಕೊಡ ಇಳಿಸಿ ಆಚೆ ತುದಿಯಿಂದ ಶುರುಮಾಡಿದಳು. ಒಂದೂ ಒಡೆಯದ ಹಾಗೆ ಕಿತ್ತು ಪಕ್ಕಕ್ಕೆ ಜೋಡಿಸಿದೆವು. ಯಜಮಾನರು ಬ್ಯಾಂಕಿನಿಂದ ಬಂದು ಹಿತ್ತಿಲ ಬಾಗಿಲಿನಿಂದ ನೋಡಿ ಒಳಗೆ ಹೋದರು. ಬೈಯುತ್ತಾರೆ ಎಂದು ಕಾದೆ. ಒಂದು ತಂಬಿಗೆ ಬಿಸಿನೀರು ತಂದು, "ಕೈ ತೊಳ್ಕೊ, ಉಗುರು ಒಡೆದಿದೆ" ಅಂದರು. ಆಮೇಲೆ ಎಂದೂ ಆ ಗೋಡೆಯ ಮಾತೆತ್ತಲಿಲ್ಲ.

ಭಾನುವಾರ ಆ ಐದು ಅಡಿಯಲ್ಲಿ ಕುರ್ಚಿ ಹಾಕಿಕೊಂಡು ಹುಡುಗಿಯರ ಪರೀಕ್ಷೆಯ ಪೇಪರು ತಿದ್ದುತ್ತ ಕೂತೆ. ನೀರಿನವರು ಬಂದಾಗ ಎದ್ದು ದಾರಿ ಬಿಡುತ್ತಿದ್ದೆ. ಹತ್ತು ಗಂಟೆಗೆ ಗೌರೀಶಂಕರ ಬಂದರು. ವಿದ್ಯಾವಂತರು ಹೀಗೆ ಮಾಡಬಹುದೇ ಎಂದರು. ನಲ್ಲಿಯ ಮಾತನ್ನು ಮತ್ತೆ ನೆನಪಿಸಿದರು.

"ನನ್ನ ನಂಬರು ಬಿಟ್ಟೇ ಕಳಿಸಿ ಸಾರ್," ಅಂದೆ. "ಎರಡು ಕೊಡ ಜಾಸ್ತಿ ಸೇದ್ತೀನಿ. ಸೈಟು ನನ್ನ ಹೆಸರಲ್ಲಿದೆ. ಈ ಐದು ಅಡಿ ನಾನು ಮುಚ್ಚೋಲ್ಲ."

ಅವರು ಅರ್ಜಿಯಲ್ಲಿ ನಮ್ಮ ನಂಬರನ್ನು ನಿಜವಾಗಿಯೂ ಬಿಟ್ಟರು. ಮುಂದೆ ಇಡೀ ಸಾಲಿಗೆ ನಲ್ಲಿ ಬಂದಾಗ ನಮಗೆ ಬರಲಿಲ್ಲ. ನಾನು ಬೇರೆ ಅರ್ಜಿ ಬರೆದು, ಓಡಾಡಿ, ನಲ್ಲಿ ಹಾಕಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಹದಿನಾಲ್ಕು ಮನೆಯವರ ಜೊತೆ ನಾನೂ ಬಾವಿಯಲ್ಲಿ ಸೇದಿದೆ.

ಸಾಲಿಗೆ ನಲ್ಲಿ ಬರುವ ಮೊದಲೇ, ಅದೇ ವರ್ಷದ ಕಾರ್ತಿಕದಲ್ಲಿ, ಗೌರೀಶಂಕರರ ಗೃಹಪ್ರವೇಶ ಬಂತು. ಅವರ ತಾಯಿ ನಾರಾಯಣಮ್ಮನವರಿಗೆ ಎಂಬತ್ತು ದಾಟಿತ್ತು. ಕರುವಿರುವ ಹಸು ಹೊಸ್ತಿಲು ದಾಟದೆ ತಾವು ಒಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದರು. ಪಕ್ಕದ ಸಿದ್ದಾಪುರದಲ್ಲಿ ವಿಚಾರಿಸಿದರು, ಸಿಗಲಿಲ್ಲ. ಹತ್ತಿರದಲ್ಲಿ ಎಳೆಗರು ಇದ್ದದ್ದು ಕೆಂಪಿಗೆ ಮಾತ್ರ. ಗೌರೀಶಂಕರರ ಹೆಂಡತಿ ಜಯಾ ತಾವೇ ಬಾವಿಕಟ್ಟೆಗೆ ಬಂದು ಮುನಿಲಕ್ಷ್ಮಮ್ಮನನ್ನು ಕೇಳಿದರು. ಗಂಡ ಆಡಿದ ಮಾತಿಗೆ ಸಂಕೋಚಪಟ್ಟುಕೊಂಡೇ ಕೇಳಿದರು. ಹಸುವನ್ನು ದೊಡ್ಡ ರಸ್ತೆಯ ಕಡೆಯಿಂದ ಕರೆತಂದರೆ ಚೆನ್ನ, ಇವರು ಹಾಗೆ ಹೇಳಿದ್ದಾರೆ ಎಂದರು.

"ಸುಭಕಾರ್ಯ, ಇಲ್ಲ ಅನ್ನಾಕಿಲ್ಲ," ಅಂದಳು ಮುನಿಲಕ್ಷ್ಮಮ್ಮ. "ಆದ್ರೆ ನನ್ನ ಹಸ ಸುತ್ಕೊಂಡು ಬರಾಕಿಲ್ಲ ಕಣವ್ವ. ಅದ್ರ ದಾರೀಲಿ ಬತ್ತದೆ. ಬ್ಯಾಡ ಅಂದ್ರೆ ಬ್ಯಾಡ."

ಬೆಳಗಿನ ಐದೂವರೆಗೆ ಮುಹೂರ್ತ. ನಾನು ಓಣಿಯಲ್ಲಿ ಲಾಟೀನು ಹಿಡಿದು ನಿಂತಿದ್ದೆ. ಕೊಂಬಿಗೆ ಅರಿಸಿನ ಹಚ್ಚಿಸಿಕೊಂಡ ಕೆಂಪಿ ಐದು ಅಡಿಯ ಸಂದಿನಿಂದ ಬಂತು, ಹಿಂದೆ ಕರು, ಅದರ ಹಿಂದೆ ಮುನಿಲಕ್ಷ್ಮಮ್ಮ, ಅವಳ ಹಿಂದೆ ಕೊಡ ಹಿಡಿದ ಎಂಟೊಂಬತ್ತು ಹೆಂಗಸರು. ಅವರದು ದಿನದ ನೀರಿನ ಹೊತ್ತು. ಗೌರೀಶಂಕರ ಮಡಿಪಂಚೆ ಉಟ್ಟು ರಸ್ತೆಯಲ್ಲಿ ಕಾದಿದ್ದರು. ತಾಯಿ ಪಕ್ಕದಲ್ಲೇ ಇದ್ದರಲ್ಲ, ನಮ್ಮ ಓಣಿಯ ಬಾಯಿಗೆ ಬಂದು ಹಸುವಿಗೆ ಕೈಮುಗಿಯಲೇಬೇಕಾಯಿತು.

ಪೂಜೆಯಾದ ಮೇಲೆ ನಾರಾಯಣಮ್ಮನವರು ಮುನಿಲಕ್ಷ್ಮಮ್ಮನನ್ನು ಹತ್ತಿರ ಕರೆದು, ತಾವೇ ಅವಳ ಹಣೆಗೆ ಕುಂಕುಮವಿಟ್ಟು, ಸೆರಗಿಗೆ ತೆಂಗಿನಕಾಯಿ ಹಾಕಿದರು. ಅವಳು ಅವರಿಗೆ ಕೈಮುಗಿದು, ಆಮೇಲೆ ಮಗನ ಕಡೆ ತಿರುಗಿದಳು.

"ಸಾಮಿ, ಹಸ ಬಂದ ದಾರೀಲೇ ವಾಪಸ್ ಓಯ್ತದೆ. ನಾಳೀಕೆ ನಾವೂ ಅದ್ರಾಗೇ ಬತ್ತೀವಿ."

ಗೌರೀಶಂಕರ ಕೊನೆಯವರೆಗೂ ನಮ್ಮೊಡನೆ ಮಾತು ಬಿಟ್ಟೇ ಇದ್ದರು. ಓಣಿಯ ಮಾತನ್ನೂ ಬಿಟ್ಟರು.

ಕಿತ್ತ ಇಟ್ಟಿಗೆಗಳು ಹಿತ್ತಿಲಲ್ಲಿ ಹಾಗೇ ಇದ್ದವು. ಮುಂದಿನ ಮಳೆಗಾಲಕ್ಕೆ ಓಣಿ ಕೆಸರಾಗಿ ಒಬ್ಬಾಕೆ ಜಾರಿ ಕೊಡ ಒಡೆದುಕೊಂಡಳು. ಬೈರಣ್ಣನನ್ನು ಕರೆಸಿದೆ. ಆ ಇಟ್ಟಿಗೆಗಳನ್ನೇ ನೆಲಕ್ಕೆ ಹಾಸು, ಈ ಸಲ ಸಿಮೆಂಟು ಹಾಕು ಎಂದೆ. ಅವನು ನಕ್ಕು ಕೆಲಸ ಮುಗಿಸಿ, ಇದಕ್ಕೂ ನೀರು ಬೇಕು ತಾಯಿ, ಇಪ್ಪತ್ತೊಂದು ದಿನ, ಎಂದು ಹೇಳಿಹೋದ.

ಮಾರನೆಯ ಬೆಳಿಗ್ಗೆ ಬಕೆಟ್ಟು ಹಿಡಿದು ಹೋದರೆ ರಾತ್ರಿ ಮಳೆ ಬಾರದಿದ್ದರೂ ನೆಲ ಆಗಲೇ ಒದ್ದೆಯಾಗಿತ್ತು. ಬಾವಿಯಿಂದ ಬರುತ್ತಿದ್ದ ಮುನಿಲಕ್ಷ್ಮಮ್ಮ ಸೊಂಟದ ಕೊಡವನ್ನು ಸ್ವಲ್ಪವೇ ಬಗ್ಗಿಸಿ, ನಡೆದ ದಾರಿಗುಂಟ ನೀರು ಚೆಲ್ಲುತ್ತ ಮನೆಗೆ ಹೋದಳು.